ಹನ್ನೊಂದು ಕಂತೆಯಲ್ಲಿ ಉಳಿದದ್ದು

ಮಾರ್ಚ್ ೯, ಭಾನುವಾರ.

ನನ್ನ ಇಪ್ಪತ್ತು ವರ್ಷದ ಹಾಸ್ಯ ಅಂಕಣಗಳು, ಹನ್ನೊಂದು ಕಂತೆ, ಈ ಸಂಜೆ ರದ್ದಿಗೆ ಹೋದವು. ಆದರೆ ನನ್ನವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಮನೆಯಲ್ಲಿ ಬೇಡದ್ದನ್ನೆಲ್ಲ ಸಾಗಹಾಕಲು ಹೊರಟ ಮಹಾತಾಯಿ ಮೊದಲು ಸಾಗಹಾಕಿದ್ದು ತಾನು ಕೆಲಸ ಕಲಿತ ಹೊಲಿಗೆ ಮೆಷಿನ್ನನ್ನೇ.

ಆಮೇಲೆ ನನ್ನತ್ತ ತಿರುಗಿದಳು. "ಈಗ ನಿಮ್ಮ ಸರದಿ ರೀ. ಓದ್ತೀನಿ. ನಗು ಬಂದ್ರೆ ಇರತ್ತೆ, ಇಲ್ಲಾಂದ್ರೆ ರದ್ದಿ."

"ಮುಗುಳ್ನಗೆಗೆ ರಿಯಾಯಿತಿ ಇಲ್ವಾ?"

"ಹಲ್ಲು ಕಾಣ್ಬೇಕು."

ಮೂರು ದಿನ ಕೂತು ಒಂದನ್ನೂ ಬಿಡದೆ ಓದಿದಳು ಪುಣ್ಯಾತ್ಗಿತ್ತಿ! ಅಷ್ಟನ್ನು ನಮ್ಮ ಸಂಪಾದಕರೂ ಓದಿರಲಾರರು. ಹಲ್ಲು ಕಂಡದ್ದು ಒಂದೇ ಒಂದಕ್ಕೆ, ಅದೂ ಕಣ್ಣಲ್ಲಿ ನೀರು ಬರುವಷ್ಟು. ಅದು ಅವಳ ಗೊರಕೆಯ ಬಗ್ಗೆ ಬರೆದದ್ದು. ಅಚ್ಚಾದಾಗ ವಾರವಿಡೀ ನನ್ನೊಡನೆ ಮಾತು ಬಿಟ್ಟಿದ್ದವಳು, ಈಗ ಅದನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾಳೆ. ಇಂಥ ಓದುಗಾರ್ತಿ ಮನೆಯಲ್ಲೇ ಇರುವಾಗ ನಾನು ಇಷ್ಟು ದಿನ ಯಾರಿಗಾಗಿ ಬರೆಯುತ್ತಿದ್ದೆನೋ!