ಅರ್ಧ ಲೋಟ ಕಾಫಿ

ಅಪ್ಪ,

ನೀನು ಹೋಗಿ ಎಂಟು ತಿಂಗಳಾದ ಮೇಲೆ ನಿನಗೆ ವರದಿ ಒಪ್ಪಿಸುತ್ತಿದ್ದೇನೆ. ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಒಲೆ ಹಚ್ಚಿದೆ, ಆರಿಸಿದೆ, ಕೂತಲ್ಲಿ ಕೂರಲಾಗುತ್ತಿಲ್ಲ.

ನನ್ನ ಮಗ ಭಾರ್ಗವ ಯಾರ ಮುಖವನ್ನೂ ನೋಡದೆ ಇರುವುದಕ್ಕೆ, ಕೇಳಿದ ಮಾತನ್ನೇ ಇಪ್ಪತ್ತು ಸಲ ಹೇಳುವುದಕ್ಕೆ ಒಂದು ಜೀನ್ ಕಾರಣವಂತೆ. ನೀನು ಅದನ್ನು ಸೊಕ್ಕು ಅಂದೆ. "ಮುಖ ನೋಡಿ ಮಾತಾಡೋ" ಅಂತ ಏಳು ವರ್ಷದ ಮೊಮ್ಮಗನ ಗದ್ದ ಹಿಡಿದು ತಿರುಗಿಸಿದೆ. "ನಮ್ಮ ವಂಶದಲ್ಲಿ ಇಂಥದ್ದಿಲ್ಲಮ್ಮ, ಅವರ ಕಡೇದು" ಅಂದೆ. ಅದನ್ನು ನಾನು ಹೋಗಿ ಅತ್ತೆಯ ಎದುರು ಹೇಳಿಬಂದೆ.

ಇವತ್ತು ಡಾಕ್ಟರು ಹಾಳೆಯ ಮೇಲೆ ನಮ್ಮ ವಂಶವೃಕ್ಷ ಬರೆದರು. ಗೆರೆ ಭಾರ್ಗವನಿಂದ ನನಗೆ ಬಂತು, ನನ್ನಿಂದ ನಿನ್ನ ಹೆಸರಿಗೆ ಹೋಗಿ ನಿಂತಿತು.

"ನಿಮ್ಮ ತಂದೆಯವರಿಗೆ ಕೈ ನಡುಗ್ತಿತ್ತಾ ಮೇಡಂ? ನಡೆಯುವಾಗ ವಾಲ್ತಿದ್ರಾ? ಈ ಜೀನ್ ಇರೋ ಕೆಲವರಿಗೆ ವಯಸ್ಸಾದ್ಮೇಲೆ ಹಾಗಾಗತ್ತೆ."

ಹೌದು ಅಂದೆ. ನೀನು ಕಾಫಿ ಚೆಲ್ಲಿದಾಗಲೆಲ್ಲ "ನೆಟ್ಟಗೆ ಹಿಡ್ಕೊಳಕ್ಕಾಗಲ್ವಾ?" ಅಂತ ನಾನು ರೇಗುತ್ತಿದ್ದುದನ್ನು ಹೇಳಲಿಲ್ಲ. ಕೊನೆಯ ವರ್ಷ ನಿನಗೆ ಅರ್ಧ ಲೋಟವೇ ಕೊಟ್ಟೆ. ಇನ್ನರ್ಧ ನೀನು ಕೇಳಲೂ ಇಲ್ಲ.

ಬರುವಾಗ ಬನಶಂಕರಿ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ರಸ್ತೆಬದಿಯ ಹೋಟೆಲಿನಲ್ಲಿ ಯಾರೋ ಕಾಫಿ ಕುಡಿಯುತ್ತಿದ್ದರು. ಭಾರ್ಗವ ಅವರ ಕೈಯನ್ನೇ ನೋಡುತ್ತಾ ಶುರುಮಾಡಿದ. "ನೆಟ್ಟಗೆ ಹಿಡ್ಕೊಳಕ್ಕಾಗಲ್ವಾ? ನೆಟ್ಟಗೆ ಹಿಡ್ಕೊಳಕ್ಕಾಗಲ್ವಾ?" ಅದೇ ರಾಗ, ನನ್ನದೇ ಸಿಡುಕು.

ಮನೆ ಬರುವ ತನಕ ನಾನೂ ಅವನ ಮುಖ ನೋಡಲಿಲ್ಲ.