ಬ್ಯಾಟರಿ ಮುಗಿದ ಮೇಲೆ

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಬಾಯಿಬಡುಕಿಗೆ,

ನಿನ್ನ ಮೂರು ಕಾಗದಗಳಿಗೂ ಉತ್ತರಿಸದೆ ಕೂತ ಅಣ್ಣನನ್ನು ಮೊದಲು ಬೈದು ಮುಗಿಸು, ಆಮೇಲೆ ಓದು. ನಿನಗೆ ವೈದ್ಯಕೀಯ ಸೀಟು ಸಿಕ್ಕಿದ್ದನ್ನು ಅಮ್ಮ ಬೀದಿಗೆಲ್ಲ ಸಾರಿ ಬಂದಳಂತೆ. "ನಾನೂ ನಿನ್ನ ಹಾಗೆ ನರರೋಗ ತಜ್ಞೆಯಾಗಿ ನಡುಗುವ ಕೈಗಳನ್ನು ನಿಲ್ಲಿಸುತ್ತೇನೆ" ಎಂದು ಬರೆದಿದ್ದೀಯ. ಆ ಸಾಲಿಗೆ ಏನು ಹೇಳಬೇಕೆಂದು ತಿಳಿಯದೆಯೇ ಇಷ್ಟು ತಡವಾಯಿತು.

ನಮ್ಮ ಪ್ರಯೋಗದಲ್ಲಿ ಒಬ್ಬ ದರ್ಜಿ ಇದ್ದರು. ಐದು ವರ್ಷದ ಹಿಂದೆ ಅವರು ಲೋಟ ಎತ್ತಿದರೆ ಅರ್ಧ ನೀರು ನೆಲಕ್ಕೆ. ಮಿದುಳಿಗೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟೆವು. ಸ್ವಿಚ್ ಹಾಕಿದ ದಿನ ಅವರು ಸೂಜಿಗೆ ದಾರ ಪೋಣಿಸಿದರು. ಇಡೀ ವಾರ್ಡು ಚಪ್ಪಾಳೆ ತಟ್ಟಿತು.

ಕಳೆದ ತಿಂಗಳು ಬ್ಯಾಟರಿ ಮುಗಿಯಿತು. ಕಂಪನಿ ಆ ಯಂತ್ರ ಮಾಡುವುದನ್ನೇ ನಿಲ್ಲಿಸಿದೆ. ಬೇರೆ ಕಂಪನಿಯ ಬ್ಯಾಟರಿ ಅದಕ್ಕೆ ಕೂರುವುದಿಲ್ಲ. ದರ್ಜಿ ಹೆಂಡತಿಯ ಜೊತೆ ಬಂದರು. ಕೈ ಮತ್ತೆ ಮೊದಲಿನಂತೆ.

"ಗೋಡೆ ಗಡಿಯಾರದ ಸೆಲ್ಲು ಹಾಕಿದ್ರೆ ನಡೆಯಲ್ವಾ ಡಾಕ್ಟ್ರೇ?"

"ಸುಮ್ನಿರ್ರೀ, ಎಲ್ಲದಕ್ಕೂ ತಮಾಷೆ" ಎಂದು ಗದರಿದ ಆಕೆ ನನ್ನ ಕಡೆ ತಿರುಗಿದರು. "ಊಟ ನಾನೇ ತಿನ್ನಿಸ್ತೀನಿ, ಅದಕ್ಕೇನಿಲ್ಲ. ಹೊಲಿಗೆ ಮೆಷಿನ್ ಮುಂದೆ ಹೋಗಿ ಸುಮ್ನೆ ಕೂತ್ಕೋತಾರೆ. ಅದನ್ನ ನೋಡಕ್ಕಾಗಲ್ಲ."

ಪ್ರಯೋಗ ನಡೆಸಿದ ನಮ್ಮ ದೊಡ್ಡ ಡಾಕ್ಟರ ಬಾಗಿಲು ತಳ್ಳಿಕೊಂಡೇ ಹೋದೆ. ಪ್ರಯೋಗಕ್ಕೆ ದೇಹ ಕೊಟ್ಟವರನ್ನು ಬಳಸಿ ಎಸೆಯುವುದು ವಿಜ್ಞಾನವಲ್ಲ, ಬೇಟೆ ಎಂದೆ. ಅವರು ಕನ್ನಡಕ ಒರೆಸಿಕೊಂಡರು. "ಭಾಷಣ ಆಯ್ತಾ? ಪ್ರಯೋಗ ಮುಗೀತು ಕಣಯ್ಯ. ಪ್ರಬಂಧ ಅಚ್ಚಾಯ್ತು. ಅದ್ರಲ್ಲಿ ನಿನ್ನ ಹೆಸರೂ ಇದೆ, ನೋಡಿದ್ಯಾ?"

ಕಂಪನಿಗೆ ಬರೆದೆ, ಪ್ರಯೋಗಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೀತಿ ಸಮಿತಿಗೆ ಬರೆದೆ, ಆಸ್ಪತ್ರೆಯ ಗೇಟಿನಲ್ಲಿ ನಿಂತು ಕರಪತ್ರ ಹಂಚಿದೆ. ನಿನ್ನೆ ಸಮಿತಿಯ ಉತ್ತರ ಬಂತು: ಆಸ್ಪತ್ರೆಗೆ ಹೊಣೆಯಿಲ್ಲ. ಇಂದು ಬೆಳಿಗ್ಗೆ ದರ್ಜಿಗೆ ಹೇಳಿದೆ. "ನೀವ್ಯಾಕೆ ಬೇಜಾರ್ ಮಾಡ್ಕೋತೀರ? ನಿಮ್ಮಿಂದ ಐದು ವರ್ಷ ಸಿಕ್ತಲ್ಲ" ಎಂದು ನನಗೇ ಸಮಾಧಾನ ಹೇಳಿ ಹೋದರು.

ನಾಳೆಯಿಂದ ಹೊಸ ಪ್ರಯೋಗ. ರೋಗಿಗಳನ್ನು ಸೇರಿಸುವ ಕೆಲಸ ನನಗೇ ಬಿದ್ದಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು. ನಿನಗೆ ಒಳ್ಳೆಯದಾಗಲಿ, ನಿನ್ನನ್ನು ನಂಬಿ ಬರುವವರಿಗೂ ಆಗಲಿ.

ನಿನ್ನ
ಅಣ್ಣ

ತಾ.ಕ.: ಸಮಿತಿಯವರು ದರ್ಜಿಯ ಒಪ್ಪಿಗೆ ಪತ್ರದ ಹನ್ನೊಂದನೆಯ ಪುಟವನ್ನೂ ಲಗತ್ತಿಸಿದ್ದಾರೆ. ಪ್ರಯೋಗ ಮುಗಿದ ಮೇಲೆ ಬ್ಯಾಟರಿ ಬದಲಿಸಿಕೊಡುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಐದು ವರ್ಷದ ಹಿಂದೆ, ಸಹಿಯ ದಿನ, ಅವರು ಆ ಸಾಲಿನ ಮೇಲೆಯೇ ಬೆರಳಿಟ್ಟು, "ಇದೇನು ಡಾಕ್ಟ್ರೇ?" ಎಂದು ಕೇಳಿದ್ದರು. ಪ್ರಯೋಗ ಶುರುಮಾಡಲು ನಮಗೆ ಒಬ್ಬ ರೋಗಿ ಕಡಿಮೆ ಬಿದ್ದಿದ್ದ. "ಅದೆಲ್ಲ ಮಾಮೂಲಿ, ನಾನಿರ್ತೀನಲ್ಲ, ಸಹಿ ಹಾಕಿ" ಎಂದವನು ನಾನು. ಅವರ ಕೈ ನಿಲ್ಲುತ್ತಿರಲಿಲ್ಲ. ಮಣಿಕಟ್ಟು ಹಿಡಿದು ಸಹಿ ಮಾಡಿಸಿದವನೂ ನಾನೇ.