ಅರ್ಪಿತಾಗೆ ಬರೆಯಲಾಗದ ಹೇಳಿಕೆ

ಚನ್ನಗಿರಿ
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಚೌಡೇಶ್ವರಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನಾನು ಕ್ಷೇಮವಾಗಿದ್ದೇನೆ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ, ನರ್ಸ್ ಮಗಳ ಬೈಗುಳದ ಭಯ ಇದ್ದೇ ಇದೆ. ನೀನು ಫೋನ್ ಮಾಡಿದಾಗಲೆಲ್ಲ ನಾನು "ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ಬೇಜಾರಾಗಿರಬೇಕು. ಕ್ಷಮಿಸು. ಫೋನಿನಲ್ಲಿ ಹೇಳಲಾಗದ ಮಾತುಗಳಿವೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಜಗಳೂರಿನ ಆಸ್ಪತ್ರೆಯಲ್ಲಿ ನಿನಗೆ ಪುರುಸೊತ್ತಿಲ್ಲ ಅಂತ ಗೊತ್ತು. ಬಿಡುವಾದಾಗ ಓದು, ಅವಸರವಿಲ್ಲ.

ಇಲ್ಲಿ ಅಡಿಕೆ ಸುಗ್ಗಿ. ಬೆಳಿಗ್ಗೆ ಶಾಲೆಗೆ ನಡೆದು ಹೋಗುವಾಗ ಬೀದಿಯೆಲ್ಲ ಬೇಯಿಸಿದ ಅಡಿಕೆಯ ಒಗರು ವಾಸನೆ. ತರಗತಿಗೆ ಹೋದರೆ ಮಾತ್ರ ಮನಸ್ಸು ನಿಲ್ಲುವುದಿಲ್ಲ. ಸುನೀತಾಳ ಬೆಂಚು ಖಾಲಿ ಇದೆ. ಈಗ ಅದರ ಪಕ್ಕದ ಜಾಗವೂ ಖಾಲಿ.

ದಸರಾ ರಜೆಯಲ್ಲಿ ಸುನೀತಾ ತೀರಿಕೊಂಡಳೆಂದು ನಿನಗೆ ಹೇಳಿದ್ದೆ. ಹತ್ತನೇ ತರಗತಿಯ ಹುಡುಗಿ, ಹೊನ್ನಾಳಿ ಕಡೆಯವಳು. ಅಪ್ಪ ಪಾಪಣ್ಣ ಕುರಿ ಕಾಯುವವರು. ಇಲ್ಲಿ ಒಂದು ಖಾಸಗಿ ಹಾಸ್ಟೆಲಿನಲ್ಲಿದ್ದಳು. ಜ್ವರ ತಲೆಗೇರಿತು, ಶಿವಮೊಗ್ಗಕ್ಕೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು, ಅಷ್ಟೇ ನಿನಗೆ ಗೊತ್ತು. ಆಮೇಲೆ ನಡೆದದ್ದನ್ನು ನಾನು ಹೇಳಲಿಲ್ಲ.

ಅವಳ ಪಕ್ಕದ ಮಂಚದವಳು ಅರ್ಪಿತಾ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯವಳು. ಉಳಿದ ಮಕ್ಕಳೆಲ್ಲ ರಜೆಗೆ ಊರಿಗೆ ಹೋಗಿದ್ದರು, ಇವರಿಬ್ಬರು ಸ್ಪೆಷಲ್ ಕ್ಲಾಸಿಗೆಂದು ಉಳಿದಿದ್ದರು. ಹೀಗಾಗಿ ಜ್ವರ ಹತ್ತಿದಾಗಿನಿಂದ ಕೊನೆಯವರೆಗೂ ಕಣ್ಣಾರೆ ಕಂಡವಳು ಅರ್ಪಿತಾ ಒಬ್ಬಳೇ. ಸುನೀತಾಳ ಮಣ್ಣಾದ ಮೇಲೆ ಊರಿನವರು ಅವಳಿಗೆ, "ಕಂಡಾಕಿ ನೀನು, ಆಫೀಸಿಗೆ ಒಂದು ಅರ್ಜಿ ಬರಿಯವ್ವ" ಎಂದರಂತೆ. ಹುಡುಗಿ ಅಣ್ಣನ ಫೋನಿನಲ್ಲಿ ಆ ಎಐಗೆ ನಾಲ್ಕು ಮಾತು ಹೇಳಿದ್ದಾಳೆ. ಅದು ಅರ್ಜಿ ಬರೆದುಕೊಟ್ಟಿದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸಹಿ ಹಾಕಿ, ಶಿಕ್ಷಣ ಇಲಾಖೆಗೆ ಕೊಟ್ಟು ಬಂದಿದ್ದಾಳೆ.

ಕೊಟ್ಟಾದ ಮೇಲೆ ನನಗೊಂದು ಪ್ರತಿ ತಂದು ತೋರಿಸಿದಳು. ಓದಿದೆ. ಇಷ್ಟು ವರ್ಷ ಕನ್ನಡ ಕಲಿಸಿದ ನನಗೂ ಬರದಂಥ ಕನ್ನಡ. "ವಿದ್ಯಾರ್ಥಿನಿಯರ ಸುರಕ್ಷತೆ ಹಾಗೂ ಯೋಗಕ್ಷೇಮವನ್ನು ಖಾತರಿಪಡಿಸುವುದು ಪ್ರತಿಯೊಂದು ಸಂಸ್ಥೆಯ ಆದ್ಯ ಕರ್ತವ್ಯವಾಗಿರುತ್ತದೆ" ಎಂದು ಶುರು. ಸುನೀತಾ ಎಂಬ ಹೆಸರು ಬರುವಷ್ಟರಲ್ಲಿ ಒಂದು ಪುಟ ಮುಗಿದಿತ್ತು. ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಸಾಲು: "ಈ ಬಗ್ಗೆ ಹಲವಾರು ಬಾರಿ ಲಿಖಿತ ಮನವಿ ಸಲ್ಲಿಸಿದ್ದರೂ ಕ್ರಮ ಕೈಗೊಂಡಿರುವುದಿಲ್ಲ."

"ಯಾವಾಗ ಕೊಟ್ಟಿದ್ರವ್ವ ಲಿಖಿತ ಮನವಿ?" ಎಂದು ಕೇಳಿದೆ.

"ಕೊಟ್ಟಿಲ್ಲ ಸರ್," ಅಂದಳು. "ಅದೇ ಹಾಕ್ಕಂಡೈತೆ. ನಾನು ಪೂರ್ತಿ ಓದ್ಲಿಲ್ಲ. ಓದಿದ್ರೂ, ಚೆಂದ ಐತೆ, ಇರ್ಲಿ ಅಂತ ಬಿಡ್ತಿದ್ನೇನೋ."

ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಈ ಮಕ್ಕಳು ಎರಡು ವರ್ಷದಿಂದ ಬರೆಯುತ್ತಿರುವುದೇ ಹೀಗೆ. 'ನನ್ನ ಊರು' ಎಂದು ಪ್ರಬಂಧ ಕೊಟ್ಟರೆ ಬಯಲಿನವನ ಊರೂ, ಹೊಳೆದಂಡೆಯವಳ ಊರೂ "ಪ್ರಕೃತಿಯ ಮಡಿಲಲ್ಲಿರುವ ಪುಟ್ಟ ಸುಂದರ ಗ್ರಾಮ". ಎಲ್ಲರ ಅಕ್ಷರವೂ ದುಂಡಗೆ, ಏಕೆಂದರೆ ಫೋನ್ ನೋಡಿ ನಿಧಾನವಾಗಿ ನಕಲು ಮಾಡಿರುತ್ತಾರೆ. ಸ್ಟಾಫ್ ರೂಮಿನಲ್ಲಿ ನಾನು ಕೂಗಾಡಿದರೆ, "ಮೇಷ್ಟ್ರೇ, ರಿಸಲ್ಟ್ ಬಂದ್ರೆ ಸಾಕು ಬಿಡ್ರಿ" ಎನ್ನುತ್ತಾರೆ.

ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವರಲ್ಲ. ಆದರೆ ಹಾಸ್ಟೆಲಿನ ವಾರ್ಡನ್ ಮೊದಲು ಹಿಡಿದದ್ದೇ ಆ ಸಾಲನ್ನು. "ಎಲ್ಲಿ ಸರ್ ಲಿಖಿತ ಮನವಿ? ಒಂದಾದ್ರೂ ತೋರಿಸ್ಲಿ. ಇದು ಸುಳ್ಳಾದ್ಮೇಲೆ ಉಳಿದಿದ್ದೂ ಸುಳ್ಳೇ. ಯಾರೋ ದೊಡ್ಡವರು ಬರೆಸಿದ್ದು ಇದು" ಎಂದು ನನ್ನ ಕಡೆಗೇ ನೋಡಿದರು. ಅರ್ಪಿತಾ ತಲೆ ತಗ್ಗಿಸಿ ನಿಂತಿದ್ದಳು. ಅಧಿಕಾರಿ ಅವಳನ್ನು ಹತ್ತಿರ ಕರೆದು, "ಹೆದರಬ್ಯಾಡಮ್ಮ. ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ. ನೀನು ಕಂಡಿದ್ದನ್ನ ನಿನ್ನ ಮಾತಿನಾಗೆ, ನನ್ನೆದುರಿಗೆ ಕೂತು ಬರೆದು ಕೊಡು. ಅಷ್ಟು ಸಾಕು" ಎಂದರು.

ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡೆ. "ಬರೆಯೋದು ನಾಳೆ. ಈಗ ನನಗೆ ಸುಮ್ಮನೆ ಹೇಳು" ಎಂದೆ. ಹೇಳಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಮಧ್ಯಾಹ್ನ ಅವಳ ಮೈ ಕೆಂಡ ಆಗಿತ್ತು ಸರ್. ವೇಲ್ ಒದ್ದೆ ಮಾಡಿ ಹಣೆ ಮ್ಯಾಲೆ ಹಾಕ್ತಿದ್ದೆ, ಹಾಕ್ದಂಗೆ ಒಣಗ್ತಿತ್ತು. ಕೆಳಗೆ ಹೋಗಿ ವಾರ್ಡನ್ ಮೇಡಂ ಬಾಗ್ಲು ಬಡಿದೆ. 'ಗುಳಿಗೆ ಕೊಟ್ಟೀನಲ್ಲ, ನಾಟ್ಕ ಮಾಡ್ಬ್ಯಾಡ್ರಿ' ಅಂದ್ರು. ಅವರಪ್ಪಗೆ ಒಂದು ಫೋನ್ ಹಚ್ಚಿಕೊಡ್ರಿ ಅಂತ ಕಾಲು ಹಿಡ್ಕಂಡೆ. ಕೊಡ್ಲಿಲ್ಲ. ಮ್ಯಾಲೆ ಬಂದ್ರೆ ಸುನೀತಾ, 'ಅಪ್ಪ ಬಂದ್ನಾ?' ಅಂದ್ಲು. ಬಸ್ಸಿನಾಗೆ ಅದಾನೆ, ಬರ್ತಾನೆ ಅಂತ ಸುಳ್ಳು ಹೇಳ್ದೆ. ಎದ್ದು ಕುಂತು ಚಪ್ಲಿ ಹುಡುಕಾಕೆ ಹತ್ತಿದ್ಲು ಸರ್. ಕಾಲಾಗೇ ಇದ್ವು ಚಪ್ಲಿ. ಅವಳಿಗೆ ಕಾಣ್ಲಿಲ್ಲ."

ಅವಳಿಗೊಂದು ಲೋಟ ನೀರು ಕೊಟ್ಟೆ. ಆಮೇಲೆ, "ಇದನ್ನೇ ಬರಿ ಮಗಳೇ. ಒಂದಕ್ಷರ ಬದಲಾಯಿಸಬೇಡ" ಎಂದೆ.

ಅವಳು ನನ್ನನ್ನೇ ನೋಡಿದಳು. "ಹಿಂಗೇ ಬರೀಬೋದಾ ಸರ್? ಇದು ಮಾತಲ್ವಾ? ಬರಿಯಾದು ಬೇರೆ ಥರ ಇರ್ತೈತಲ್ಲ?"

ಬರೆಯುವುದು ಎಂದರೆ ತನ್ನದಲ್ಲದ ಮಾತನ್ನು ಹಾಳೆಯ ಮೇಲೆ ಇಡುವುದು ಎಂದೇ ಆ ಮಗು ತಿಳಿದಿದೆ, ಚೌಡೇಶ್ವರಿ. ಒಂದೇ ಸಂಜೆಯಲ್ಲಿ ನಾನು ಅದನ್ನು ಹೇಗೆ ಬಿಡಿಸಲಿ? ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಹೂಂ ಅಂದಳು.

ಮರುದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಅವಳಿಗೆ ಹಾಳೆ, ಪೆನ್ನು ಕೊಟ್ಟರು. ಅಧಿಕಾರಿ ಎಲ್ಲರನ್ನೂ ಹೊರಗೆ ಕಳಿಸಿದರು, ನನ್ನನ್ನೂ. ಬಾಗಿಲ ಸಂದಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಬೆನ್ನು ಅಲುಗುತ್ತಲೇ ಇರಲಿಲ್ಲ. ವರಾಂಡದಲ್ಲಿ ಕೂತಿದ್ದ ವಾರ್ಡನ್, ಒಳಗೆ ಕೇಳುವ ಹಾಗೆ, "ಕಂಡಿದ್ದಿದ್ರೆ ಇಷ್ಟೊತ್ತಿಗೆ ಬರೀತಿದ್ಲು" ಎಂದರು. ಕರೆದಾಗ ಒಳಗೆ ಹೋದೆ. ಹಾಳೆಯ ಮೇಲೆ ಇದ್ದದ್ದು ಇಷ್ಟು: "ಮಾನ್ಯರೇ, ಸುನೀತಾಳ ಆರೋಗ್ಯವು".

ಅಧಿಕಾರಿ, "ಹೋಗ್ಲಿ ಬಿಡಮ್ಮ, ಬಾಯಲ್ಲಿ ಹೇಳು, ನಾನೇ ಬರ್ಕಂತೀನಿ" ಎಂದು ಕೇಳಿಕೊಂಡರು. ಅಷ್ಟರಲ್ಲಿ ಅವಳು ಒಳಗೇ ಮುದುಡಿ ಹೋಗಿದ್ದಳು. "ಮೊದ್ಲಿಂದು ಸುಳ್ಳು ಅಂದ್ರಲ್ಲ ಸರ್. ಇದೂ ಸುಳ್ಳು ಅಂತಾರೆ" ಎಂದಳು. ಆಮೇಲೆ ಬಾಯಿ ಬಿಡಲೇ ಇಲ್ಲ. ಅವಳು ನನಗೆ ಹೇಳಿದ್ದನ್ನೆಲ್ಲ ನಾನೇ ಹೇಳಿದೆ. "ನೀವು ನೋಡಿಲ್ಲವಲ್ಲ ಮೇಷ್ಟ್ರೇ, ನಾನೇನು ಮಾಡ್ಲಿ" ಎಂದು ಅವರು ಫೈಲು ಕಟ್ಟಿದರು. ಅವರ ದನಿಯಲ್ಲೂ ಸಂಕಟವಿತ್ತು.

ಆರೋಪಕ್ಕೆ ಆಧಾರವಿಲ್ಲ ಎಂದು ವರದಿ ಬಂತು. ಹಾಸ್ಟೆಲ್ ನಡೆಯುತ್ತಿದೆ. ಅದೇ ವಾರ್ಡನ್ ಇದ್ದಾರೆ.

ಪಾಪಣ್ಣನವರಿಗೆ ನಾನೇ ಹೊನ್ನಾಳಿಗೆ ಹೋಗಿ ವಿಷಯ ತಿಳಿಸಿದೆ. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, "ಆ ಮಗೀಗೆ ಯಾರೂ ಬೈಬ್ಯಾಡ್ರಿ ಸರ್. ನನ್ ಮಗಳ ಹಣೆಗೆ ಕೊನೇಗೆ ನೀರು ಹಚ್ಚಿದ್ದು ಅದೊಂದೇ" ಎಂದರು. ನನ್ನನ್ನು ಬಸ್ಸು ಹತ್ತಿಸಿ, ಅದು ಹೊರಡುವವರೆಗೂ ನಿಂತಿದ್ದರು.

ಅಲ್ಲಿಂದ ಗೋವಿನಕೋವಿಗೆ ಹೋದೆ. ಅರ್ಪಿತಾ ಶಾಲೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಮನೆ ಮುಂದೆ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದಳು. ಪಾಪಣ್ಣನವರ ಮಾತು ತಿಳಿಸಿದೆ. ಅತ್ತಳು, ಆದರೆ ಕೈ ನಿಲ್ಲಿಸಲಿಲ್ಲ. "ಪರೀಕ್ಷೆಗಾದ್ರೂ ಬಾರವ್ವ" ಎಂದೆ. "ಪೆನ್ನು ಹಿಡಿದ್ರೆ ಆ ರೂಮೇ ಕಣ್ಣಿಗೆ ಬರ್ತೈತೆ ಸರ್. ನಾನು ಬರಿಯಾಕೆ ಹೋಗಿ ಅವಳಿಗೆ ಅನ್ಯಾಯ ಆತು" ಎಂದಳು. ಅವರಮ್ಮ ಮಜ್ಜಿಗೆ ಕೊಟ್ಟರು. ಕುಡಿದು ಬಂದೆ. ಮತ್ತೆ ಹೋಗುತ್ತೇನೆ. ಬರುತ್ತಾಳೆಂಬ ಧೈರ್ಯ ನನಗಿಲ್ಲ.

ಇಷ್ಟು, ಮಗಳೇ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಜಗಳೂರಿನಲ್ಲಿ ಈಗ ಚಳಿ ಜೋರಿರಬೇಕು, ಡ್ಯೂಟಿಗೆ ಹೋಗುವಾಗ ಸ್ವೆಟರ್ ಹಾಕಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಜ್ವರ ಎಂದು ಬಂದ ಮಕ್ಕಳ ಹಣೆ ಮುಟ್ಟಿ ನೋಡು. ಚೌಡಮ್ಮ ತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ತಿಪ್ಪೇಶಪ್ಪ

ತಾ.ಕ.: ಇದೊಂದನ್ನು ಬರೆಯಬಾರದು ಎಂದೇ ಸಹಿ ಹಾಕಿದ್ದೆ. ಲಕೋಟೆಗೆ ಅಂಟು ಹಚ್ಚುವಾಗ ಕೈ ಬರಲಿಲ್ಲ.

ನಿನ್ನ ಅಮ್ಮನ ವರ್ಷದ ತಿಥಿಗೆ ರಜೆ ಸಿಗದೆ ನೀನು ಬರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ನೀನು ಮನೆಯವರ ವಾಟ್ಸಾಪ್ ಗ್ರೂಪಿಗೆ ಅಮ್ಮನ ಫೋಟೋ ಹಾಕಿ, ಜೊತೆಗೆ ಒಂದು ಬರಹ ಕಳಿಸಿದ್ದೆ. ನೆಂಟರೆಲ್ಲ ಕೈಮುಗಿದರು. ನ್ಯಾಮತಿಯಿಂದ ಬಂದಿದ್ದ ನಿನ್ನ ಅಜ್ಜಿ, ಅಮ್ಮನ ಅವ್ವ, "ಮೊಮ್ಮಗಳು ಏನು ಬರ್ದಾಳೆ, ಗಟ್ಟಿಯಾಗಿ ಓದ್ರಿ ಮೇಷ್ಟ್ರೇ" ಎಂದರು. ಮುಂದೇನಿದೆ ಎಂದು ನೋಡಿಕೊಳ್ಳದೆ ಓದುತ್ತಾ ಹೋದೆ. "ಅಮ್ಮಾ, ನಿನ್ನ ಇಂಪಾದ ಜೋಗುಳ ಇಂದಿಗೂ ನನ್ನ ಕಿವಿಯಲ್ಲಿ ಮೊಳಗುತ್ತಿದೆ."

ನಿನ್ನ ಅಮ್ಮ ಹುಟ್ಟು ಮೂಗಿ, ಚೌಡೇಶ್ವರಿ. ಬೆನ್ನು ತಟ್ಟಿ ತಟ್ಟಿ ನಿನ್ನನ್ನು ಮಲಗಿಸಿದವಳು. ಎಐ ಬರೆದದ್ದನ್ನು ನೀನೂ ಓದದೆ ಕಳಿಸಿದ್ದೀಯ ಎಂದು ನನಗೆ ಆಗಲೇ ತಿಳಿಯಿತು. ಅಜ್ಜಿಗೆ ತಿಳಿಯಲಿಲ್ಲ. ಕೂತಲ್ಲಿಂದ ನನ್ನ ಹತ್ತಿರಕ್ಕೆ ಸರಿದು ಬಂದು ಕೈ ಹಿಡಿದುಕೊಂಡರು.

"ಹಾಡಿದ್ಲೇನ್ರಿ? ಮಗಳಿಗೆ ಹಾಡಿದ್ಲಾ? ನನಗೆ ಒಂದು ದಿನಾನೂ ಅವ್ವಾ ಅನ್ಲಿಲ್ಲವಲ್ಲ ಅದು. ಹೆಂಗಿತ್ತು ದನಿ ಅಂತ ಚೌಡೀನ ಕೇಳಿ ಹೇಳ್ರಿ."

ಕೇಳಿ ಹೇಳುತ್ತೇನೆ ಎಂದುಬಿಟ್ಟೆ. ಅಜ್ಜಿ ಊರಿಗೆ ಹೋಗದೆ ಇಲ್ಲೇ ಉಳಿದಿದ್ದಾರೆ. ನಿನ್ನ ಫೋನ್ ಬಂದಾಗಲೆಲ್ಲ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಅವರಿಗೆ ಏನು ಹೇಳಲಿ? ನೀನೇ ಬರೆ ಮಗಳೇ, ನಿನ್ನ ಕೈಯಿಂದ.